ಗುರಿ ಮತ್ತು ನಂಬಿಕೆ

ವಿದ್ಯಾಭ್ಯಾಸ ಮುಗಿಯುವ ಮೊದಲೇ ವೃತ್ತಿಯ ಪರಿಚಯವಾಗಬೇಕೆಂಬುದು ಇಂದಿನ ವಾಣಿಜ್ಯ ಶಿಕ್ಷಣದ ಆಶಯ. ಬೇಸಿಗೆಯ ರಜೆಯಲ್ಲಿ ಆರೆಂಟು ವಾರ ಯಾವುದಾದರೊಂದು ಸಂಸ್ಥೆಯಲ್ಲಿ ದುಡಿದು ಬರುವ ಪದ್ಧತಿ ಈಗ ಸಾಮಾನ್ಯವಾಗಿದೆ. ಬ್ಯಾಂಕಿನ ಮಾರಾಟ ವಿಭಾಗದಿಂದ ಬರುವ ಕರೆಯೂ ಅಂತಹುದೇ. ಆದರೆ ಅದನ್ನು ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆ ತೋರುವಷ್ಟು ಸರಳವಲ್ಲ.

ಧಾರವಾಡ ಸೀಮೆಯ ಒಕ್ಕಲು ಮನೆತನದ ವಿದ್ಯಾರ್ಥಿನಿಯೊಬ್ಬಳಿಗೆ ಇಂತಹ ಕರೆ ಬಂದಿತು. ಎರಡು ತಿಂಗಳ ಕೆಲಸ. ಉಳಿತಾಯ ಖಾತೆ, ಕ್ರೆಡಿಟ್ ಕಾರ್ಡ್, ವಿಮೆ ಇವುಗಳಿಗೆ ಗಿರಾಕಿಗಳನ್ನು ಹುಡುಕುವುದು. ಗುರಿ ಮುಟ್ಟಿದರೆ ಪ್ರೋತ್ಸಾಹಧನ. ಮಗಳು ಬ್ಯಾಂಕಿನ ಮೆಟ್ಟಿಲು ಹತ್ತುವಳೆಂದು ತಂದೆಗೆ ಹೆಮ್ಮೆ. ಆದರೆ ಕರೆಪತ್ರದ ಜೊತೆಗಿದ್ದ ಒಂದು ಹಾಳೆ ಅವಳನ್ನು ಚಿಂತೆಗೀಡುಮಾಡಿತು. ಪರಿಚಿತರಾದ ಐವತ್ತು ಜನರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕಾಗಿತ್ತು. ಅವಳು ಬಲ್ಲ ಐವತ್ತು ಜನರೆಂದರೆ ಊರಿನವರು ಮತ್ತು ನೆಂಟರೇ.

ಅವಳು ಸೋದರಮಾವನ ಸಲಹೆ ಕೇಳಿದಳು. ಅವರು ಬಹುಕಾಲ ಪಿಗ್ಮಿ ಸಂಗ್ರಹಿಸಿದವರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಬಾಗಿಲಿಗೆ ಹೋಗಿ ಸಂಗ್ರಹಿಸಿದ ಆ ಯೋಜನೆ ಸಣ್ಣ ಗಳಿಕೆಯವರಿಗೆ ಉಳಿತಾಯವನ್ನು ಕಲಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಮಾವ ಹೇಳಿದರು: “ತಂಗೀ, ಮಾರೂದು ಕೀಳು ಕೆಲಸ ಅಲ್ಲ. ಇವತ್ತ ರೊಕ್ಕ ಇಸಗೊಂಡ ಅಂಗಡಿಗೆ ನಾ ನಾಳೆನೂ ಹೋಗಬೇಕಾಗಿತ್ತು. ಅದಕ್ಕ ಸುಳ್ಳು ಹೇಳಾಕ ಧೈರ್ಯ ಬರ್ತಿರಲಿಲ್ಲ. ನೀ ಎರಡು ತಿಂಗಳಿಗೆ ಹೊಳ್ಳಿ ಬರ್ತಿ. ಆಮ್ಯಾಲೆ ಅವರಿಗೆ ಉತ್ತರ ಕೊಡಾವ್ರು ಯಾರು?”

ಸಮಸ್ಯೆಯ ತಿರುಳು ಆ ಮಾತಿನಲ್ಲಿಯೇ ಇತ್ತು. ವಿಮೆಯ ಕಂತನ್ನು ವರ್ಷಗಟ್ಟಲೆ ಕಟ್ಟಬೇಕಾಗಬಹುದು. ಠೇವಣಿಯೆಂದು ನಂಬಿ ವಿಮೆಯ ಕಾಗದಕ್ಕೆ ರುಜು ಹಾಕಿದವರು ಎರಡನೆಯ ಕಂತಿನ ವೇಳೆಗೆ ಕಂಗಾಲಾಗುವುದುಂಟು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಲು 2024ರ ನಿಯಮಗಳು ಅವಕಾಶ ಕೊಟ್ಟಿವೆ. ಹಳ್ಳಿಯ ಗಿರಾಕಿಗೆ ಅದನ್ನು ತಿಳಿಸಬೇಕಾದವನು ಮಾರುವವನೇ. ತಿಳಿಸಿದರೆ ಗುರಿ ತಪ್ಪೀತೆಂದು ಅಳುಕುವವನೂ ಅವನೇ.

ಹಾಗೆಂದು ನಿರಾಕರಣೆಯೇ ಉತ್ತರವಲ್ಲ. ಅಪರಿಚಿತರೊಡನೆ ಮಾತನಾಡುವ ಧೈರ್ಯ, ‘ಬೇಡ’ ಎಂಬ ಮಾತನ್ನು ಸಹಿಸುವ ತಾಳ್ಮೆ, ಬಡ್ಡಿಯ ಲೆಕ್ಕವನ್ನು ತಿಳಿಗನ್ನಡದಲ್ಲಿ ವಿವರಿಸುವ ಜಾಣ್ಮೆ ಇವೆಲ್ಲ ತರಗತಿಯಲ್ಲಿ ದೊರೆಯವು. ಅವಳು ಅಧಿಕಾರಿಗೆ ಮೂರು ಪ್ರಶ್ನೆ ಕೇಳಿದಳು. ಗುರಿ ಮುಟ್ಟದಿದ್ದರೂ ಗೌರವಧನ ದೊರೆಯುವುದೇ? ಅರ್ಹತಾಪತ್ರವಿಲ್ಲದೆ ತಾನು ವಿಮೆ ಮಾರಬಹುದೇ? ನೆಂಟರ ಹೆಸರು ಬರೆಯದೆ ಕೆಲಸ ಮಾಡಬಹುದೇ? ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಕೂಡದೆಂದೂ ಉತ್ತರ ಬಂದಿತು. ಮೂರನೆಯದಕ್ಕೆ ಅಧಿಕಾರಿ ನಕ್ಕು, ಹಾಗಾದರೆ ಬಿಸಿಲಲ್ಲಿ ಹೆಚ್ಚು ಅಲೆಯಬೇಕಾದೀತು ಎಂದರು. ಅವಳು ಹಾಳೆಯನ್ನು ಖಾಲಿಯಾಗಿಯೇ ಹಿಂದಿರುಗಿಸಿ ಕೆಲಸವನ್ನು ಒಪ್ಪಿಕೊಂಡಳು.

ನಂಬಿಕೆಯೆಂಬುದು ಒಂದು ಮನೆತನ ತಲೆಮಾರುಗಳಿಂದ ಕೂಡಿಟ್ಟ ಠೇವಣಿ. ಎರಡು ತಿಂಗಳ ಗುರಿಗಾಗಿ ಅದನ್ನು ವೆಚ್ಚಮಾಡಲಾಗದು. ಕೆಲಸ ಹಿಡಿಯುವ ಮುನ್ನ ಸಂಬಳವೆಷ್ಟೆಂದು ಕೇಳುವುದನ್ನು ತರುಣರು ಬಲ್ಲರು. ಯಾರ ಬಾಗಿಲಿಗೆ, ಏನನ್ನು ಹೊತ್ತು ಹೋಗಬೇಕೆಂದೂ ಕೇಳಬಲ್ಲವರಾದರೆ ಕಲಿತ ವಿದ್ಯೆ ಸಾರ್ಥಕವಾದಂತೆಯೇ ಸರಿ.