ತೋಟಿ ಚಾಕರಿಗೆ ರಾಜೀನಾಮೆ

ಕೆಲಸ ಬಿಡುವವರು ರಾಜೀನಾಮೆ ಪತ್ರ ಬರೆಯುತ್ತಾರೆ. ನಮ್ಮಪ್ಪನಿಗೆ ಬರೆಯಲು ಬರುತ್ತಿರಲಿಲ್ಲ. ಬಂದಿದ್ದರೂ ಯಾರ ಕೈಗೆ ಕೊಡಬೇಕಿತ್ತು? ಅವನಿಗೆ ಯಾರೂ ನೇಮಕದ ಆದೇಶ ಕೊಟ್ಟಿರಲಿಲ್ಲ. ತಾತ ಮಾಡಿದ, ಅಪ್ಪ ಮಾಡಿದ. ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ಊರೂರು ಅಲೆಯುವುದು, ಗುಂಡಿ ತೋಡುವುದು, ಜಾತ್ರೆಗೆ ತಮಟೆ ಬಡಿಯುವುದು. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತಾಗ ಮೊರದಲ್ಲಿ ಸುರಿಯುವ ರಾಗಿ. ಹಬ್ಬದ ಮಾರನೆ ದಿನ ತಂಗಳು.

ಇದನ್ನು ಸರ್ಕಾರ ಎಂದೋ ರದ್ದು ಮಾಡಿತ್ತು. 1961ರಲ್ಲೇ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಜೊತೆಗೆ ತೋಟಿ, ತಳವಾರಿಕೆಗಳೂ ಕಾಗದದಲ್ಲಿ ಹೋದವು. ಹುದ್ದೆಗೆ ಅಂಟಿದ್ದ ಇನಾಂ ಜಮೀನನ್ನು ಹುದ್ದೆ ಮಾಡಿದವರಿಗೇ ಮರುಮಂಜೂರು ಮಾಡಬೇಕೆಂದು ಅದೇ ಕಾಯ್ದೆ ಹೇಳಿತು. ನಮ್ಮ ತಾತನಿಗೆ ಇಂಥದೊಂದು ಕಾಯ್ದೆ ಇದೆಯೆಂದು ಯಾರು ಹೇಳಬೇಕು? ಹೇಳಬೇಕಾದವರೇ ಆ ಜಮೀನಿಗೆ ನೇಗಿಲು ಹೂಡಿದ್ದರು. ಹಾಗಾಗಿ ಜಮೀನು ಹೋಯಿತು, ಚಾಕರಿ ಉಳಿಯಿತು.

2016ರಲ್ಲಿ ನಾವು ಪಿಯುಸಿಯಲ್ಲಿದ್ದೆವು. ಹಾಸ್ಟೆಲಿನ ಪೇಪರಿನಲ್ಲಿ ಗುಜರಾತಿನ ಊನಾದ ಸುದ್ದಿ ಓದಿದೆವು. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಟ್ಟಿ ಹೊಡೆದಿದ್ದರು. ಅದಕ್ಕೆ ಅಲ್ಲಿನ ಜನ ಸತ್ತ ದನಗಳನ್ನು ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಸುರಿದರು. ಆಗಸ್ಟ್ 15ರಂದು ಊನಾದಲ್ಲಿ ಸೇರಿ, ಇನ್ನು ಸತ್ತ ದನ ಎತ್ತುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ರಜೆಗೆ ಊರಿಗೆ ಹೋದಾಗ ಪೇಪರನ್ನು ಕೇರಿಯ ಜಗಲಿಯಲ್ಲಿ ಓದಿ ಹೇಳಿದೆವು. ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮವ್ವ, "ಅಷ್ಟು ದೂರದೋರು ಬುಟ್ಟವ್ರೆ. ನಮ್ ಕೈಗೇನಾಗದೆ?" ಅಂದಳು.

ಮರುವರ್ಷ ಊರ ದೊಡ್ಡ ಮನೆಯ ಎತ್ತು ಸತ್ತಿತು. ಹೇಳಿಕಳಿಸಿದರು. ಅಪ್ಪ ಹೋಗಲಿಲ್ಲ. ಯಜಮಾನ ಕೇರಿಯ ಬಾಯಿಗೇ ಬಂದು ನಿಂತ.

"ಯಾಕ್ಲಾ, ಬೆಳಗ್ಗಿಂದ ನಾರ್ತಾ ಅದೆ. ಹಗ್ಗ ತಕ್ಕಂಡು ಬರಕೇನ್ಲಾ?"

"ಆಗಕ್ಕಿಲ್ಲ ಬುದ್ಧಿ. ನಿಮ್ಮೆತ್ತು, ನಿಮ್ಮೊಲ. ನೀವೇ ಮಣ್ಣು ಮಾಡ್ಕಳಿ."

ಅಪ್ಪ ಕೆಲಸ ಬಿಟ್ಟ, ಆದರೆ 'ಬುದ್ಧಿ' ಅನ್ನುವುದನ್ನು ಬಿಡಲು ಅವನ ನಾಲಗೆಗೆ ಇನ್ನೂ ಎರಡು ವರ್ಷ ಹಿಡಿಯಿತು.

ಮಾರನೆಯ ದಿನ ಪಟ್ಟಣದಿಂದ ಜೆಸಿಬಿ ಬಂತು. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಅಪ್ಪ ದೂರದಲ್ಲಿ ನಿಂತು ನೋಡಿಕೊಂಡು ಬಂದು, "ಈ ಕೆಲ್ಸಕ್ಕೆ ದುಡ್ಡೂ ಕೊಡ್ತಾರೆ ಅಂತ ಇವತ್ತೇ ಗೊತ್ತಾಗಿದ್ದು ಕನ್ಲಾ" ಅಂದ.

ಆಮೇಲೆ ನಡೆದದ್ದು ನಿಮಗೆ ಗೊತ್ತಿರುವುದೇ. ಮಿಲ್ಲಿನಲ್ಲಿ ನಮ್ಮ ರಾಗಿ ಬೀಸಲಿಲ್ಲ. ಅಂಗಡಿಯಲ್ಲಿ ಸಾಲ ನಿಂತಿತು. ಹೊಲದ ಕೂಲಿಗೆ ಯಾರೂ ಕರೆಯಲಿಲ್ಲ. ಅಪ್ಪನೊಬ್ಬನೇ ಆಗಿದ್ದರೆ ಒಂದು ವಾರದಲ್ಲಿ ಸೋಲುತ್ತಿದ್ದ. ಆದರೆ ಆ ಸಲ ಕೇರಿಯ ಒಂದು ಮನೆಯೂ ಹಗ್ಗ ಹಿಡಿಯಲಿಲ್ಲ. ಗಂಡಸರು ಗಾರೆ ಕೆಲಸಕ್ಕೆ ಪಟ್ಟಣದ ಬಸ್ಸು ಹತ್ತಿದರು. ಹೆಂಗಸರು ಉದ್ಯೋಗ ಖಾತ್ರಿ ಕೆಲಸ ಕೇಳಿದರು. ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು 2005ರ ಆ ಕಾಯ್ದೆಯಲ್ಲಿತ್ತು. ಅರ್ಜಿಗಳನ್ನು ಬರೆದವರು ನಾವು. ನಮ್ಮ ಓದು ಮೊದಲು ಉಪಯೋಗಕ್ಕೆ ಬಂದದ್ದು ಅಲ್ಲಿ. ಕೆರೆ ಹೂಳು ತೆಗೆಯುವ ಕೆಲಸ ಸಿಕ್ಕಿತು. ಮೂರು ತಿಂಗಳಾದ ಮೇಲೆ ಮಿಲ್ಲಿನವನೇ ಕರೆದು ರಾಗಿ ಬೀಸಿಕೊಟ್ಟ.

ನಾವು ಬಿ.ಎ. ಮುಗಿಸಿದೆವು. ಪರೀಕ್ಷೆ ಬರೆದು ಒಂದು ಕಚೇರಿಯಲ್ಲಿ ಗುಮಾಸ್ತರಾದೆವು. ಕೇರಿಯಲ್ಲಿ ಸಿಹಿ ಹಂಚಿದರು. ಆದರೆ ಪಟ್ಟಣದಲ್ಲಿ ಮನೆ ಹುಡುಕಲು ಹೊರಟಾಗ ಒಂದೊಂದು ಬಾಗಿಲಲ್ಲೂ ಅದೇ ಪ್ರಶ್ನೆ: "ನೀವು ಯಾವ ಜನ?" ಹೇಳಿದ ಕೂಡಲೇ ಮನೆ ಬೇರೆಯವರಿಗೆ ಆಗಿಬಿಟ್ಟಿರುತ್ತಿತ್ತು. ಐದನೇ ಮನೆಯ ಬಾಗಿಲಲ್ಲಿ ನಾವು ಸುಳ್ಳು ಹೇಳಿದೆವು. ಬೀಗದ ಕೈ ಸಿಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಬಾಬಾಸಾಹೇಬರು ನೆನಪಾದರು. 1917ರಲ್ಲಿ ಅವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬರೋಡಾದ ನೌಕರಿಗೆ ಬಂದಾಗ ಇರಲು ಕೋಣೆ ಸಿಗದೆ, ಪಾರ್ಸಿ ಹೆಸರಿಟ್ಟುಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿಯಬೇಕಾಯಿತು. ಗೊತ್ತಾದಾಗ ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. 1918ರಲ್ಲಿ ಮುಂಬಯಿಯ ಸಿಡ್ನ್‌ಹ್ಯಾಮ್ ಕಾಲೇಜಿನ ಪ್ರೊಫೆಸರಾದರು. ಅಲ್ಲಿ ಅಧ್ಯಾಪಕರ ನೀರಿನ ಕೊಡ ಮುಟ್ಟಬಾರದೆಂದು ತಕರಾರು ಬಂತು. ಅಂಥವರನ್ನೇ ಬಿಡದ ಜಾತಿ ಗುಮಾಸ್ತರನ್ನು ಬಿಟ್ಟೀತೆ? ಎರಡು ತಿಂಗಳು ತಡೆದು, ಬಾಬಾಸಾಹೇಬರ ಪಟವನ್ನು ನಡುಮನೆಯಲ್ಲಿ ತೂಗುಹಾಕಿದೆವು. ಮನೆ ಖಾಲಿ ಮಾಡಿಸಿದರು. ಈಗ ಇರುವ ಮನೆಗೆ ಹೇಳಿಯೇ ಬಂದಿದ್ದೇವೆ. ಸೀಟು ಹೊದಿಸಿದ ಒಂದೇ ಕೋಣೆ. ನಿದ್ದೆ ಬರುತ್ತದೆ.

ಇದಿಷ್ಟೇ ಆಗಿದ್ದರೆ ಗೆದ್ದೆವು ಅಂತ ಬರೆದು ಮುಗಿಸಬಹುದಿತ್ತು. ಆದರೆ ನಮ್ಮಣ್ಣ ಇದ್ದಾನೆ. ಗಾರೆ ಕೆಲಸಕ್ಕೆಂದು ಬಸ್ಸು ಹತ್ತಿದವನು, ಆ ಕೆಲಸ ನಿಂತಾಗ ಕಂಟ್ರಾಕ್ಟರನೊಬ್ಬನ ಕೈಕೆಳಗೆ ಚರಂಡಿ ಕೆಲಸಕ್ಕೆ ಸೇರಿದ. 1970ರ ದಶಕದಲ್ಲಿ ಅರಸು ಸರ್ಕಾರದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಒಳಚರಂಡಿಗೆ ಇಳಿದು ಸತ್ತರೆ ಮನೆಯವರಿಗೆ 30 ಲಕ್ಷ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟೆಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆವು. ಅವನು ಕೈ ತೊಳೆಯುತ್ತಲೇ ಕೇಳಿಸಿಕೊಂಡ.

"ಸತ್ರೆ ಮೂವತ್ತು ಲಕ್ಷ, ಸರಿ. ಬದುಕಿದ್ರೆ ಒಂದು ಜೊತೆ ಬೂಟ್ಸು ಕೊಡು ಅನ್ನಪ್ಪ ನಿನ್ ಕೋರ್ಟಿಗೆ. ನಿಂದು ಕೆಲ್ಸ ಬದ್ಲಾಯ್ತು. ನಂದು ಹೆಸ್ರು ಬದ್ಲಾಯ್ತು, ಅಷ್ಟೇಯ."

ನಮಗೆ ಉತ್ತರ ತೋಚಲಿಲ್ಲ. ಊರಲ್ಲಿ ಅಪ್ಪ ಬಿಟ್ಟಾಗ ಅವನ ಹಿಂದೆ ಇಡೀ ಕೇರಿ ಇತ್ತು. ಪಟ್ಟಣದಲ್ಲಿ ಅಣ್ಣನ ಹಿಂದೆ ಯಾರಿದ್ದಾರೆ? ನಾವೂ ಕಚೇರಿ, ಸಂಬಳ, ಕವಿಗೋಷ್ಠಿ ಅಂತ ಇದ್ದುಬಿಟ್ಟಿದ್ದೆವು. ಈಗ ಭಾನುವಾರ ಸಂಜೆ ಅಣ್ಣ ಮತ್ತು ಅವನ ಜೊತೆಯ ಹನ್ನೊಂದು ಜನ ನಮ್ಮ ಕೋಣೆಗೆ ಬರುತ್ತಾರೆ. ಯಾರನ್ನು ಯಾವ ತಾರೀಖಿನಲ್ಲಿ ಯಾವ ಗುಂಡಿಗೆ ಇಳಿಸಿದರು, ಎಷ್ಟು ಕೂಲಿ ಕೊಟ್ಟರು ಎಂದು ಬರೆದಿಡುತ್ತಿದ್ದೇವೆ. ಬೂಟು, ಯಂತ್ರ ಕೊಡುವ ತನಕ ಗುಂಡಿಗೆ ಇಳಿಯುವುದಿಲ್ಲವೆಂದು ಹೋದ ವಾರ ಹನ್ನೆರಡು ಜನವೂ ಸಹಿ ಹಾಕಿದರು. ನಾಲ್ವರದು ಹೆಬ್ಬೆಟ್ಟು.

ಗೆಳೆಯರೇ, ನಿಮ್ಮೂರಲ್ಲಿ ಈಗಲೂ ಹಗ್ಗ ಹಿಡಿಯುತ್ತಿರುವವರು ಯಾರು, ಪಟ್ಟಣಕ್ಕೆ ಹೋದವರು ಯಾವ ಗುಂಡಿಗೆ ಇಳಿಯುತ್ತಿದ್ದಾರೆ, ಒಂದು ಸಲ ವಿಚಾರಿಸಿ. ಅವರಿಗೆ ಒಂದು ಅರ್ಜಿ ಬರೆದುಕೊಡಿ. ಅಣ್ಣನ ಸಹಿಯಿರುವ ಕಾಗದವನ್ನು ನಾಳೆ ಕಚೇರಿಗೆ ರಜೆ ಹಾಕಿ ಕೊಟ್ಟುಬರುತ್ತೇವೆ. ನಮ್ಮ ಮನೆತನದಲ್ಲಿ ಬರವಣಿಗೆಯಲ್ಲಿ ಹೋಗುತ್ತಿರುವ ಮೊದಲ ರಾಜೀನಾಮೆ ಅದೇ.