ಬಲಗಡೆಯ ಕತ್ತಲು

ಐಸ್ ಹಾಕಿಯಲ್ಲಿ ಚೆಂಡು ಇರುವುದಿಲ್ಲ, ಪಕ್ ಇರುತ್ತದೆ. ಗಟ್ಟಿ ರಬ್ಬರಿನ ಕರಿ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಹೆಚ್ಚುಕಡಿಮೆ ನಮ್ಮ ಕ್ರಿಕೆಟ್ ಚೆಂಡಿನಷ್ಟೇ. ದೊಡ್ಡ ಪಂದ್ಯಗಳಲ್ಲಿ ಅದು ಪುಟಿಯದಿರಲಿ ಎಂದು ಮೊದಲೇ ತಣ್ಣಗೆ ಕೊರೆಯುವಂತೆ ಇಟ್ಟಿರುತ್ತಾರೆ. ಜನವರಿಯ ಒಂದು ಭಾನುವಾರ ರಾತ್ರಿ ಅಂಥ ಬಿಲ್ಲೆಯೊಂದು ನನ್ನ ಬಲಗಣ್ಣಿಗೆ ಬಡಿಯಿತು.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್ ಊರಿನಲ್ಲಿ. ಹುಟ್ಟಿ ಬೆಳೆದದ್ದು ತಿಪಟೂರಿನ ಕಡೆಯ ಹಳ್ಳಿಯಲ್ಲಿ. ಮೂವತ್ತನಾಲ್ಕು ದಾಟಿದ ಮೇಲೆ, ಮಗಳು ಸ್ಕೇಟಿಂಗ್ ಕಲಿಯುವಾಗ ಅವಳ ಜೊತೆ ನಾನೂ ಬಿದ್ದು ಎದ್ದು ಕಲಿತೆ. ಆಮೇಲೆ ಕೆಲಸದ ಜಾಗದ ಗೆಳೆಯರು ಭಾನುವಾರ ರಾತ್ರಿ ರಿಂಕ್ ಬಾಡಿಗೆಗೆ ಹಿಡಿದು ಆಡುವಾಗ ನನ್ನನ್ನೂ ಸೇರಿಸಿಕೊಂಡರು. ಪರದೇಶದಲ್ಲಿ ಹತ್ತು ವರ್ಷ ಕಳೆದರೂ ಸಿಗದಿದ್ದ ಸಲುಗೆ ಆ ಒಂದು ಗಂಟೆಯ ಆಟದಲ್ಲಿ ನನಗೆ ಸಿಕ್ಕಿತ್ತು.

ಅಂದು ನನ್ನ ಸರದಿ ಮುಗಿಸಿ ಬೆಂಚಿಗೆ ಬಂದು ಕೂತಿದ್ದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಹೆಲ್ಮೆಟ್ಟಿನ ಮುಂದಿನ ಜಾಲರಿ ಎತ್ತಿ ತೋಳಿನಿಂದ ಹಣೆ ಒರೆಸಿಕೊಂಡೆ. ಅಷ್ಟು ಹೊತ್ತು ಸಾಕಾಯಿತು. ಯಾರದೋ ಕೋಲಿಗೆ ತಾಗಿ ದಿಕ್ಕು ಬದಲಿಸಿದ ಪಕ್ ನೇರ ಬಂತು. ಮೊದಲು ಶಬ್ದ ಕೇಳಿಸಿತು, ಒಣಗಿದ ಗರಿ ಮುರಿದಂಥ ಶಬ್ದ. ನೋವು ಬಂದದ್ದು ಆಮೇಲೆ. ಎಡಗಣ್ಣಿಗೆ ಬಿಳಿ ಐಸ್, ಅದರ ಮೇಲಿನ ನೀಲಿ ಗೆರೆ, ಓಡಿ ಬರುತ್ತಿದ್ದ ಗೆಳೆಯರು ಎಲ್ಲಾ ಕಾಣುತ್ತಿತ್ತು. ಬಲಗಣ್ಣಿನಲ್ಲಿ ಕೆಂಪು ಪರದೆ ಇಳಿದಿತ್ತು. ಅದರ ಹಿಂದೆ ಕತ್ತಲು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಯಾರದೂ ತಪ್ಪಿಲ್ಲ. ಹೊಡೆದ ಗೆಳೆಯ ಆಸ್ಪತ್ರೆಯಲ್ಲಿ ಬೆಳಗಿನವರೆಗೂ ನನ್ನ ಪಕ್ಕದಲ್ಲೇ ಕೂತಿದ್ದ.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪೊರೆ ರೆಟಿನಾ. ಗೋಡೆಯಿಂದ ಸುಣ್ಣದ ಪದರ ಏಳುವ ಹಾಗೆ ಅದು ಎದ್ದುಬಂದಿದೆ, ಹರಿದೂ ಹೋಗಿದೆ ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣಿನೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬಿದರು. ಗುಳ್ಳೆ ಮೇಲಕ್ಕೇರಿ ಪೊರೆಯನ್ನು ಗೋಡೆಗೆ ಒತ್ತಿ ಹಿಡಿಯಬೇಕು. ಅದಕ್ಕಾಗಿ ನಾನು ಹತ್ತು ದಿನ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕಿತ್ತು. ಗಂಟೆಗೆ ಹತ್ತು ನಿಮಿಷ ಮಾತ್ರ ತಲೆ ಎತ್ತಬಹುದು. ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ಗ್ಯಾಸ್ ಪೂರ್ತಿ ಕರಗುವವರೆಗೆ ವಿಮಾನ ಹತ್ತಕೂಡದು. ಮೇಲೆ ಹೋದಂತೆ ಗುಳ್ಳೆ ಹಿಗ್ಗುತ್ತದೆ, ಕಣ್ಣೊಳಗಿನ ಒತ್ತಡ ಏರಿ ಉಳಿದ ದೃಷ್ಟಿಯೂ ಹೋಗಬಹುದು.

ಫೆಬ್ರವರಿಯಲ್ಲಿ ನನ್ನ ತಂಗಿಯ ಮದುವೆ ಇತ್ತು. ಟಿಕೆಟ್ ತೆಗೆದಾಗಿತ್ತು.

ನಾನು ಅಮ್ಮನಿಗೆ ಸುಳ್ಳು ಹೇಳಿದೆ. ಆಫೀಸಿನಲ್ಲಿ ರಜೆ ಕೊಡಲಿಲ್ಲ ಅಂದೆ. ಫೋನಿನ ಆ ಕಡೆ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇರೋಳು ಒಬ್ಬಳೇ ತಂಗಿ ಕಣಪ್ಪ” ಅಂದರು. ಬೇರೇನೂ ಅನ್ನಲಿಲ್ಲ. ಆ ಮಾತು ಕೇಳುವಾಗ ನಾನು ನಡುವೆ ತೂತಿರುವ ದಿಂಬಿಗೆ ಹಣೆ ಕೊಟ್ಟು ನೆಲದ ಹಲಗೆ ನೋಡುತ್ತಿದ್ದೆ. ಕಣ್ಣೀರು ನೇರ ನೆಲಕ್ಕೆ ಬೀಳುತ್ತಿತ್ತು.

ನಿಜ ಯಾಕೆ ಹೇಳಲಿಲ್ಲ ಎಂಬುದಕ್ಕೆ ಹಳೆಯ ಕಾರಣವಿದೆ. ನಮ್ಮೂರಿನಲ್ಲಿ ಒಬ್ಬರಿದ್ದರು, ಕಾಯಿ ಸುಲಿಯುವವರು. ಚಿಕ್ಕ ವಯಸ್ಸಿನಲ್ಲೇ ಒಂದು ಕಣ್ಣು ಹೋಗಿತ್ತಂತೆ. ಊರು ಅವರನ್ನು ಒಕ್ಕಣ್ಣ ಅಂತಲೇ ಕರೆಯುತ್ತಿತ್ತು. ಹೊರಡುವಾಗ ಎದುರಿಗೆ ಬಂದರೆ ಅಪಶಕುನ ಎಂದು ಜನ ಹಿಂದಕ್ಕೆ ಬಂದು, ಜಗುಲಿಯ ಮೇಲೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಏಳನೇ ಕ್ಲಾಸಿನ ಪರೀಕ್ಷೆಯ ದಿನ ಅವರು ಎದುರಾದಾಗ ನಾನೂ ಹಾಗೇ ಮಾಡಿದ್ದೆ. ನಾನು ತಿರುಗಿದ್ದನ್ನು ಅವರು ನೋಡಿದರು. ನೋಡಿ ದಾರಿಯ ಪಕ್ಕಕ್ಕೆ ಸರಿದು, ನಾನು ಹೋಗಲಿ ಎಂದು ಬೇಲಿಯ ಕಡೆ ಮುಖ ಮಾಡಿ ನಿಂತರು. ಈಗ ಆ ಹೆಸರು ನನ್ನ ಪಾಲಿಗೆ ಬಂದಿತ್ತು. ಮದುವೆ ಮನೆಗೆ ಆ ಸುದ್ದಿ ಹೋಗುವುದು ನನಗೆ ಬೇಡವಾಗಿತ್ತು.

ಮುಖ ಕೆಳಗೆ ಮಾಡಿ ಮಲಗಿದ್ದ ಆ ದಿನಗಳಲ್ಲೇ ಮಗಳಿಗೆ ಶಾಲೆಯಿಂದ ಒಂದು ಕೆಲಸ ಬಂತು. ಕೆನಡಾದಲ್ಲಿ ಫೆಬ್ರವರಿ ಎಂದರೆ ಕಪ್ಪು ವರ್ಣೀಯರ ಚರಿತ್ರೆಯ ತಿಂಗಳು. ಯಾರಾದರೂ ಒಬ್ಬರ ಬಗ್ಗೆ ಬರೆದು ತರಬೇಕು. ಅವಳು ಆರಿಸಿಕೊಂಡದ್ದು ಹಾಕಿ ಆಟಗಾರ ವಿಲ್ಲಿ ಓರೀ ಅವರನ್ನು. ನನಗೆ ಓದಲು ಆಗುವುದಿಲ್ಲವೆಂದು ಅವಳೇ ನನ್ನ ತಲೆಯ ಹತ್ತಿರ ನೆಲದ ಮೇಲೆ ಕೂತು ಪುಸ್ತಕ ಓದಿ ಹೇಳುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ಕಾಲ್ಚೀಲ ಮಾತ್ರ. ಒಂದು ಪುಟದಲ್ಲಿ ಅವಳ ದನಿ ನಿಂತುಹೋಯಿತು. “ಅಪ್ಪ, ಇವರಿಗೂ ಪಕ್ ಬಡಿದಿದ್ದು ಬಲಗಣ್ಣಿಗೇ” ಅಂದಳು.

ಓರೀ ಹುಟ್ಟಿದ್ದು 1935ರ ಅಕ್ಟೋಬರ್ 15ರಂದು, ನ್ಯೂ ಬ್ರನ್ಸ್‌ವಿಕ್‌ನ ಫ್ರೆಡರಿಕ್ಟನ್‌ನಲ್ಲಿ. ದೊಡ್ಡ ಸಂಸಾರದ ಕೊನೆಯ ಮಗ. ಅವರ ಹಿರಿಯರು ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾಕ್ಕೆ ಬಂದವರು. ಕಪ್ಪು ವರ್ಣೀಯರಿಗೆ ಈ ಆಟ ಹೊಸದೇನೂ ಆಗಿರಲಿಲ್ಲ. 1895ರಲ್ಲೇ ಹ್ಯಾಲಿಫ್ಯಾಕ್ಸ್‌ನಲ್ಲಿ ಅವರದೇ ಲೀಗ್ ಶುರುವಾಗಿತ್ತು. ಆದರೆ ಹಣ ಕೊಟ್ಟು ಆಡಿಸುವ ಅತಿ ದೊಡ್ಡ ಲೀಗಾದ ನ್ಯಾಷನಲ್ ಹಾಕಿ ಲೀಗಿನ (ಎನ್‌ಎಚ್‌ಎಲ್) ಬಾಗಿಲು ಮಾತ್ರ ಅವರ ಪಾಲಿಗೆ ತೆರೆದಿರಲಿಲ್ಲ.

1955-56ರ ಋತುವಿನಲ್ಲಿ ಓರೀ ಆಡುತ್ತಿದ್ದದ್ದು ಕಿಚನರ್ ಕನಕ್ಸ್ ತಂಡಕ್ಕೆ. ನಾನಿರುವ ಇದೇ ಊರಿನ ತಂಡ. ಪಕ್ ಬಡಿದು ಮೂಗು ಮುರಿಯಿತು, ರೆಟಿನಾ ಛಿದ್ರವಾಯಿತು, ಬಲಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಆಗ ಅವರಿಗೆ ಇಪ್ಪತ್ತು ವರ್ಷ. ಇನ್ನು ಹಾಕಿ ಮರೆತುಬಿಡು ಎಂದರು ಡಾಕ್ಟರು. ಕೆಲವೇ ವಾರಗಳಲ್ಲಿ ಅವರು ಮತ್ತೆ ಐಸಿನ ಮೇಲಿದ್ದರು.

ಅವರೂ ಮುಚ್ಚಿಟ್ಟರು. ತಂದೆ ತಾಯಿಗೂ ಹೇಳಲಿಲ್ಲ. ಒಂದು ಕಣ್ಣಿಲ್ಲದವರು ಆಡುವಂತಿಲ್ಲ ಎಂಬ ನಿಯಮ ಎನ್‌ಎಚ್‌ಎಲ್‌ನಲ್ಲಿತ್ತು. ಗೊತ್ತಾದರೆ ಆಟ ಮುಗಿಯಿತು. ಓರೀ ಎಡ ಅಂಚಿನ ಆಟಗಾರ. ಎಡ ಅಂಚಿನಲ್ಲಿ ಓಡುವವನಿಗೆ ಪಕ್ ಬರುವುದು ಬಲಗಡೆಯಿಂದ, ಕಾಣದ ಕಡೆಯಿಂದ. ಪ್ರತಿ ಸಲವೂ ಕತ್ತನ್ನು ಬಲಭುಜದ ಮೇಲೆ ಪೂರ್ತಿ ಹೊರಳಿಸಿ ಎಡಗಣ್ಣಿನಿಂದ ನೋಡಬೇಕು. ಅಷ್ಟರಲ್ಲಿ ಎದುರಿಂದ ಬರುವವನು ಬಂದು ಗುದ್ದಿರುತ್ತಾನೆ. ಗಂಟೆಗೆ ಮೂವತ್ತು ಮೈಲಿ ವೇಗದವರೆಗೂ ಹೋಗುವ ಆಟ ಅದು. ನಾನು ಆಡಿದ್ದೇನೆ, ಅದಕ್ಕೇ ಈ ಮಾತಿನ ಭಾರ ನನಗೆ ಗೊತ್ತು.

ಅವರು ಬೇಸ್‌ಬಾಲ್ ಆಟಗಾರರೂ ಹೌದು. 1956ರಲ್ಲಿ ಮಿಲ್ವಾಕಿ ಬ್ರೇವ್ಸ್ ತಂಡ ಅವರನ್ನು ಅಮೆರಿಕದ ಜಾರ್ಜಿಯಾಕ್ಕೆ ಕರೆಸಿತು. ಅಲ್ಲಿ ಬಿಳಿಯರಿಗೆ ಒಂದು ನಲ್ಲಿ, ಕಪ್ಪು ವರ್ಣೀಯರಿಗೆ ಇನ್ನೊಂದು. ಆಯ್ಕೆಯಾಗದೆ ಬಸ್ಸಿನಲ್ಲಿ ಹಿಂದಿರುಗುವಾಗ ಹಿಂದಿನ ಸೀಟಿನಲ್ಲಿ ಕೂತು ಹೊರಟರು. ಬಸ್ಸು ಉತ್ತರಕ್ಕೆ ಬಂದ ಹಾಗೆ ಒಂದೊಂದೇ ಸೀಟು ಮುಂದಕ್ಕೆ ಸರಿಯುತ್ತ ಬಂದರು. ಕೆನಡಾ ತಲುಪುವಾಗ ಮುಂದೆ ಕೂತಿದ್ದರು. ಮಗಳು ಇದನ್ನು ಓದುವಾಗ ನನಗೆ ಬೇಲಿಯ ಕಡೆ ಮುಖ ಮಾಡಿ ನಿಂತ ಆ ಮನುಷ್ಯ ಕಣ್ಣಿಗೆ ಬಂದರು.

1958ರ ಜನವರಿ 18ರಂದು ಮಾಂಟ್ರಿಯಲ್ ಫೋರಂನಲ್ಲಿ ಓರೀ ಬಾಸ್ಟನ್ ಬ್ರೂಯಿನ್ಸ್ ಪರವಾಗಿ ಐಸಿಗಿಳಿದರು. ಎನ್‌ಎಚ್‌ಎಲ್ ಆಡಿದ ಮೊದಲ ಕಪ್ಪು ವರ್ಣೀಯ. ಬಾಸ್ಟನ್ ಅಂದು 3-0ರಿಂದ ಗೆದ್ದಿತು. ಮುಂದೆ 1960-61ರಲ್ಲಿ 43 ಪಂದ್ಯ ಆಡಿದರು. 1961ರ ಹೊಸ ವರ್ಷದ ದಿನ ಮಾಂಟ್ರಿಯಲ್ ವಿರುದ್ಧ ಮೊದಲ ಗೋಲು ಹೊಡೆದರು. ಶಿಕಾಗೊದಲ್ಲಿ ಎದುರಾಳಿಯೊಬ್ಬ ಕೋಲಿನ ತುದಿಯಿಂದ ಬಾಯಿಗೆ ಹೊಡೆದು ಮುಂದಿನ ಎರಡು ಹಲ್ಲು ಉದುರಿಸಿದ. ಮೈಬಣ್ಣ ಹಿಡಿದು ಬೈದ. ಬೈಗುಳ ಅವರಿಗೆ ಊರೂರಿನಲ್ಲೂ ಇತ್ತು. ಒಟ್ಟು 45 ಪಂದ್ಯಗಳಿಗೆ ಎನ್‌ಎಚ್‌ಎಲ್ ಅವಕಾಶ ಮುಗಿಯಿತು. ಅವರ ನಂತರ ಮತ್ತೊಬ್ಬ ಕಪ್ಪು ವರ್ಣೀಯ ಆಟಗಾರ ಅಲ್ಲಿಗೆ ಬಂದದ್ದು 1974ರಲ್ಲಿ.

ಓರೀ ಮಾತ್ರ ಆಟ ಬಿಡಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ, ಆಮೇಲೆ ಸ್ಯಾನ್ ಡಿಯಾಗೊದಲ್ಲಿ ಆಡಿದರು. ಲಾಸ್ ಏಂಜಲೀಸ್‌ನಲ್ಲಿ ಅವರನ್ನು ಎಡ ಅಂಚಿನಿಂದ ಬಲ ಅಂಚಿಗೆ ಹಾಕಿದರು. ಬಲ ಅಂಚಿನಲ್ಲಿ ಆಟವೆಲ್ಲ ಎಡಗಡೆ, ಕಾಣುವ ಕಣ್ಣಿನ ಕಡೆ. 1964-65ರಲ್ಲಿ 38 ಗೋಲು ಹೊಡೆದರು. ಒಂದೇ ಕಣ್ಣಿನಲ್ಲಿ 1979ರವರೆಗೆ ಆಡಿದರು. ಕಾಣದ್ದನ್ನು ಮರೆತು ಕಾಣುವುದರ ಮೇಲೆ ಮನಸ್ಸಿಟ್ಟೆ ಎಂಬ ಅರ್ಥದ ಮಾತನ್ನು ಅವರು ಮತ್ತೆ ಮತ್ತೆ ಹೇಳಿದ್ದಾರೆ.

ಗ್ಯಾಸ್ ಕರಗುವಾಗ ಕಣ್ಣೊಳಗೆ ಒಂದು ಗೆರೆ ಅಲುಗಾಡುತ್ತದೆ, ಗಾರೆ ಕೆಲಸದವರ ರಸಮಟ್ಟದೊಳಗಿನ ಗುಳ್ಳೆಯಂತೆ. ಗೆರೆ ದಿನದಿನ ಇಳಿಯುತ್ತ ಹೋಯಿತು, ಒಂದು ಬೆಳಿಗ್ಗೆ ಇಲ್ಲವಾಯಿತು. ಪೊರೆ ಅಂಟಿಕೊಂಡಿತ್ತು, ದೃಷ್ಟಿ ಮರಳಲಿಲ್ಲ. ಬೆಳಕು ಗೊತ್ತಾಗುತ್ತದೆ, ಕೈ ಆಡಿಸಿದರೆ ನೆರಳು ಗೊತ್ತಾಗುತ್ತದೆ. ಅಷ್ಟೇ ಉಳಿದದ್ದು.

ಎರಡು ಕಣ್ಣಿದ್ದಾಗ ದೂರ ಹತ್ತಿರ ಅಳೆಯುವುದು ಒಂದು ಕೆಲಸ ಎಂದೇ ಗೊತ್ತಿರಲಿಲ್ಲ. ಕಾಫಿ ಬಗ್ಗಿಸಿದರೆ ಲೋಟದ ಆಚೆ ಬೀಳುತ್ತಿತ್ತು. ಮೆಟ್ಟಿಲ ಕೊನೆಯಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಡುತ್ತಿದ್ದೆ. ಬಲಗಡೆ ನಿಂತ ಮಗಳಿಗೆ ಎರಡು ಸಲ ಮೊಣಕೈ ತಾಗಿಸಿ ಅಳಿಸಿದೆ. ಒಂದು ಮುಂಜಾನೆ ಚೆಲ್ಲಿದ ಕಾಫಿ ಒರೆಸುತ್ತಿದ್ದಾಗ ಕಾಯಿ ಸುಲಿಯುವವರ ಕೈ ನೆನಪಾಯಿತು. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕುವ ಮೊದಲು ಅವರು ಕಾಯಿಯನ್ನು ಮೊನೆಗೆ ಮೆಲ್ಲಗೆ ಒಮ್ಮೆ ಮುಟ್ಟಿಸುತ್ತಿದ್ದರು. ಆಮೇಲೆ ಎತ್ತಿ ಕುಕ್ಕುತ್ತಿದ್ದರು. ದಿನಕ್ಕೆ ನೂರಾರು ಕಾಯಿ, ಒಂದು ಸಲವೂ ತಪ್ಪುತ್ತಿರಲಿಲ್ಲ. ಅದು ಅವರ ಅಭ್ಯಾಸ ಎಂದುಕೊಂಡಿದ್ದೆ. ಅದು ಅಳತೆ. ನಾನು ಪಾತ್ರೆಯ ಅಂಚನ್ನು ಲೋಟದ ಅಂಚಿಗೆ ಮುಟ್ಟಿಸಿದೆ, ಆಮೇಲೆ ಬಗ್ಗಿಸಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ಅಂದೇ ಅಮ್ಮನಿಗೆ ಫೋನ್ ಮಾಡಿದೆ. ಆವರೆಗೆ ವಿಡಿಯೊದಲ್ಲಿ ಎಡಗೆನ್ನೆ ಮಾತ್ರ ಕಾಣುವ ಹಾಗೆ ಕೂರುತ್ತಿದ್ದೆ. ಅಂದು ನೇರ ಕೂತು ಎಲ್ಲಾ ಹೇಳಿದೆ. ಅಮ್ಮ ಬಹಳ ಹೊತ್ತು ಅತ್ತರು. “ನೀನು ಒಂದೇ ಮಗ್ಗುಲಾಗಿ ಕೂರೋದು ನೋಡಿ ಏನೋ ಆಗಿದೆ ಅಂತ ಅನ್ನಿಸಿತ್ತು. ಕೇಳೋಕೆ ಭಯ ಆಗಿತ್ತಪ್ಪ” ಅಂದರು. ಅಳು ನಿಂತ ಮೇಲೆ ನಾನು ಒಂದೇ ಒಂದು ವಿಷಯ ಕೇಳಿದೆ: ಕಾಯಿ ಸುಲಿಯುವವರ ಹೆಸರೇನು? ಅಮ್ಮನಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ನಮ್ಮ ತೋಟದ ಕಾಯಿ ಸುಲಿದವರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

2022ರ ಜನವರಿ 18ರಂದು, ಓರೀ ಮೊದಲ ಪಂದ್ಯ ಆಡಿದ 64 ವರ್ಷಗಳ ನಂತರ, ಬಾಸ್ಟನ್ ತಂಡ ಅವರ 22ನೇ ಸಂಖ್ಯೆಯ ಅಂಗಿಯನ್ನು ಇನ್ನು ಯಾರೂ ತೊಡದ ಹಾಗೆ ಅವರ ಹೆಸರಿನಲ್ಲಿ ಮೇಲೇರಿಸಿತು. ಅದರ ವಿಡಿಯೊ ನಾನೂ ಮಗಳೂ ನೋಡಿದ್ದೇವೆ. ಅವರ ಹೆಸರು ಈಗ ಆ ತಂಡದ ಮೈದಾನದ ಮಾಡಿನಲ್ಲಿದೆ.

ನಾನು ಭಾನುವಾರದ ಆಟಕ್ಕೆ ಮರಳಿದ್ದೇನೆ. ಜಾಲರಿ ಎತ್ತುವುದಿಲ್ಲ, ಬಲ ಅಂಚಿನಲ್ಲಿ ಆಡುತ್ತೇನೆ. ನಾನು ಫೋನ್ ಮಾಡಿದ ಮರುದಿನವೇ ಅಮ್ಮ ಕೇರಿಗೆ ಹೋಗಿ ಕಾಯಿ ಸುಲಿಯುವವರ ಹೆಸರು ಕೇಳಿಕೊಂಡು ಬಂದರು. ಅವರ ಅಪ್ಪಣೆ ಪಡೆದಿಲ್ಲವಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿಲ್ಲ. ಅವರಿಗೆ ವಯಸ್ಸಾಗಿದೆ, ಕಾಯಿ ಸುಲಿಯುವುದು ಬಿಟ್ಟಿದ್ದಾರೆ. ಈ ಬೇಸಿಗೆಗೆ ಊರಿಗೆ ಹೋಗುತ್ತೇನೆ. ಬೆಳಿಗ್ಗೆಯೇ ಹೋಗಿ ಅವರೆದುರು ನಿಂತು, ಆ ಹೆಸರಿಗೆ ಅಣ್ಣ ಸೇರಿಸಿ ಕರೆಯಬೇಕು.