ಹಿಕ್ಕಿಮ್‌ನಿಂದ ಹಾಕಿದ ಕಾಗದ

ಲಾಂಗ್ಜಾ, ಸ್ಪಿತಿ ಕಣಿವೆ
ಹಿಮಾಚಲ ಪ್ರದೇಶ

ಚಿ. ಮಂಜುನಾಥನಿಗೆ ಅಕ್ಕನ ಆಶೀರ್ವಾದಗಳು.

  ನೀನು ಕಳಿಸಿದ ಮೆಸೇಜು ನಾನು ಕಾಜಾ ಪೇಟೆಗೆ ಬಂದು ಸಿಗ್ನಲ್ ಸಿಕ್ಕಾಗ ಕೈಸೇರಿತು. ಪರೀಕ್ಷೆ ಮುಗಿಸಿ ನೀನೂ ಹೀಗೇ ಕಡಿಮೆ ಖರ್ಚಿನಲ್ಲಿ ಊರೂರು ಸುತ್ತಬೇಕು ಅಂತಿದ್ದೀಯ, ಯಾವ ಫೋನ್ ತಗೊಳ್ಳಲಿ, ಏನೇನು ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳಿದ್ದೀಯ. ಮಾವ ಮಾತ್ರ "ಅಲೆಯೋರಿಗೆ ಫೋನ್ ಯಾಕೆ? ಫೋನ್ ಬೇಕಾದೋರು ಮನೇಲಿರಲಿ" ಅಂದರಂತೆ. ಇಬ್ಬರಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಇದನ್ನು ಮಾವನಿಗೂ ಓದಿ ಹೇಳು. ಪಕ್ಕದ ಹಿಕ್ಕಿಮ್‌ನಲ್ಲಿ ಒಂದು ಅಂಚೆ ಕಚೇರಿ ಇದೆ. 1983ರಿಂದ ಸುಮಾರು 4,400 ಮೀಟರ್ ಎತ್ತರದಲ್ಲಿ ಕೆಲಸ ಮಾಡುತ್ತಿದೆ. ನಾಳೆ ನಡೆದು ಹೋಗಿ ಕಾಗದವನ್ನು ಅಲ್ಲೇ ಹಾಕುತ್ತೇನೆ. ಯಾವಾಗ ತಲುಪುತ್ತದೋ, ತಲುಪಲಿ.

ಮಾವನಿಗೆ ಮೊದಲು ಹೇಳು: ಕೈಯಲ್ಲಿ ದುಡ್ಡಿದ್ದವರಿಗೆ ದಾರಿ ತೋರಿಸಲು ಗೈಡ್ ಇರುತ್ತಾನೆ, ಟಿಕೆಟ್ ಮಾಡಿಸಲು ಏಜೆಂಟ್ ಇರುತ್ತಾನೆ, ಕಾರು ಇರುತ್ತದೆ. ನಮ್ಮಂಥವರಿಗೆ ಆ ಕೆಲಸವನ್ನೆಲ್ಲ ಈ ಫೋನೇ ಮಾಡಿಕೊಡುತ್ತದೆ. ದುಡ್ಡಿರುವವರಿಗಿಂತ ನನಗೇ ಅದು ಹೆಚ್ಚು ಬೇಕು.

ಹಾಗಂತ ಹೊಸ ಮಾಡೆಲ್ ಬೇಡ. ನಿನ್ನ ಕೈಯಲ್ಲಿರುವ ಫೋನೇ ಸಾಕು, ಬ್ಯಾಟರಿ ಹಳೆಯದಾಗಿದ್ದರೆ ಅದೊಂದನ್ನು ಬದಲಾಯಿಸಿಕೊ. ಜೊತೆಗೆ ಒಂದು ಕೀಪ್ಯಾಡ್ ಫೋನ್ ಇಟ್ಟುಕೊ. ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತದೆ. *#06# ಒತ್ತಿದರೆ ಬರುವ ಐಎಂಇಐ ನಂಬರನ್ನು, ಅಮ್ಮನ, ಮಾವನ ನಂಬರುಗಳನ್ನು ಕಾಗದದಲ್ಲಿ ಬರೆದು ಬೇರೆ ಕಡೆ ಇಡು. ಫೋನ್ ಕಳೆದುಹೋದರೆ ಪೊಲೀಸರಿಗೆ ದೂರು ಕೊಡಲು, ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸಲು ಆ ಐಎಂಇಐ ನಂಬರೇ ಬೇಕಾಗುವುದು.

ನಕ್ಷೆಯ ವಿಷಯವನ್ನು ಮಾತ್ರ ವಿವರವಾಗಿ ಬರೆಯುತ್ತೇನೆ. ಬಹಳ ಜನ ಸಿಗ್ನಲ್ ಹೋದರೆ ಜಿಪಿಎಸ್ ಕೂಡ ಹೋಯಿತು ಅಂದುಕೊಂಡಿದ್ದಾರೆ. ಹಾಗಲ್ಲ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸದಾ ಸಮಯದ ಸಂಕೇತ ಕಳಿಸುತ್ತಲೇ ಇರುತ್ತವೆ. ಫೋನ್ ಅದನ್ನು ಕೇಳಿಸಿಕೊಂಡು, ಯಾವ ಉಪಗ್ರಹದ್ದು ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ ತಾನಿರುವ ಜಾಗ ಹೇಳುತ್ತದೆ. ಅದಕ್ಕೆ ಸಿಮ್ ಬೇಡ, ಟವರ್ ಬೇಡ, ಡೇಟಾ ಬೇಡ. ಏರೋಪ್ಲೇನ್ ಮೋಡಿನಲ್ಲೂ ನಡೆಯುತ್ತದೆ. ಟವರಿನ ಸಹಾಯ ಇಲ್ಲದಾಗ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ಬೇಕಾಗುತ್ತದೆ, ಬಯಲಲ್ಲಿ ನಿಂತು ಕಾಯಬೇಕು, ಅಷ್ಟೆ. ಬೇಕಾದ್ದು ನಕ್ಷೆ. ಅದನ್ನು ಹೊರಡುವ ಮೊದಲೇ ಇಳಿಸಿಕೊಂಡಿರಬೇಕು. ಗೂಗಲ್ ನಕ್ಷೆಯನ್ನೂ ಇಳಿಸಿಕೊಳ್ಳಬಹುದು, ಆದರೆ ನೆಟ್ ಇಲ್ಲದಾಗ ಅದು ವಾಹನದ ದಾರಿ ಹೇಳುತ್ತದೆಯೇ ಹೊರತು ನಡೆಯುವ ದಾರಿ ಹೇಳುವುದಿಲ್ಲ. ನಾನು ಆರ್ಗ್ಯಾನಿಕ್ ಮ್ಯಾಪ್ಸ್ ಇಟ್ಟುಕೊಂಡಿದ್ದೇನೆ. ಪುಕ್ಕಟೆ, ಜಾಹೀರಾತಿಲ್ಲ. ಇಡೀ ಹಿಮಾಚಲ ಒಂದು ಸಿನಿಮಾಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ಕುರಿಗಾಹಿಗಳ ಕಾಲುದಾರಿ, ಗೊಂಪಾ ಅನ್ನುವ ಬೌದ್ಧ ಮಠ, ನೀರಿನ ನಲ್ಲಿ, ಬಸ್ ನಿಲ್ಲುವ ಜಾಗ ಎಲ್ಲ ಅದರಲ್ಲಿದೆ.

ಇವನ್ನೆಲ್ಲ ಅದರಲ್ಲಿ ಹಾಕಿದವರು ಯಾರು ಗೊತ್ತೇ? ಬಹುಪಾಲು ಯಾವ ಕಂಪನಿಯ ನೌಕರರೂ ಅಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಶುರು ಮಾಡಿದರು. ಯಾರು ಬೇಕಾದರೂ ತಾವು ಕಂಡದ್ದನ್ನು ಸೇರಿಸಬಹುದು, ಯಾರು ಬೇಕಾದರೂ ಬಳಸಬಹುದು. ಈ ಆ್ಯಪಿನಲ್ಲಿರುವುದು ಆ ನಕ್ಷೆಯೇ. ಅಂದರೆ ನನ್ನ ಹಾಗೆ ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಯಾರೋ, ಇಲ್ಲ ಇಲ್ಲಿನದೇ ಹುಡುಗನೊಬ್ಬ, ತನಗೆ ಕಾಸಿನ ಲಾಭವಿಲ್ಲದಿದ್ದರೂ ಮುಂದೆ ಬರುವವರಿಗಾಗಿ ಒಂದೊಂದು ದಾರಿ ಬರೆದಿಟ್ಟು ಹೋಗಿದ್ದಾನೆ. ನಾವು ಅಗ್ಗವಾಗಿ ತಿರುಗುವುದು ನಮ್ಮ ಜಾಣತನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಬೇರೆಯವರ ಉಪಕಾರದಿಂದ ತಿರುಗುತ್ತೇವೆ, ಫೋನು ಆ ಉಪಕಾರವನ್ನು ನಮ್ಮ ಕೈಗೆ ಮುಟ್ಟಿಸುತ್ತದೆ. ನಿನಗೆ ಹೇಳಬೇಕಾದ ಮುಖ್ಯ ಮಾತು ಇದೇ, ಮಂಜು. ಉಳಿದದ್ದನ್ನೆಲ್ಲ ನೀನು ದಾರಿಯಲ್ಲೇ ಕಲಿಯುತ್ತೀಯ.

ಚಾರ್ಜಿನ ಮಾತಿಗೂ ಈ ಉಪಕಾರದ ವಿಷಯ ಸೇರುತ್ತದೆ. ಇಲ್ಲಿ ರಾತ್ರಿ ಚಳಿ ಇಳಿದರೆ ಬ್ಯಾಟರಿ ಕಣ್ಣೆದುರೇ ಕುಸಿಯುತ್ತದೆ. ಲಿಥಿಯಂ ಬ್ಯಾಟರಿಯೊಳಗಿನ ಕ್ರಿಯೆ ಚಳಿಯಲ್ಲಿ ನಿಧಾನವಾಗುವುದೇ ಕಾರಣ, ಬೆಚ್ಚಗಾದರೆ ಮತ್ತೆ ಏಳುತ್ತದೆ. ಹಗಲು ನಾನು ಫೋನನ್ನು ಸ್ವೆಟರಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ರಾತ್ರಿ ಅದೂ ಪವರ್ ಬ್ಯಾಂಕೂ ರಜಾಯಿಯೊಳಗೆ ನನ್ನ ಜೊತೆಗೇ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾತ್ರ ಹಾಕಬೇಡ, ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕ್ ಸಾಕು. ವಿಮಾನದಲ್ಲೂ ಕೈಚೀಲದಲ್ಲಿ ಒಯ್ಯಲು ಬಿಡುತ್ತಾರೆ, ಲಗೇಜಿಗೆ ಹಾಕುವಂತಿಲ್ಲ. ಆದರೆ ಅದನ್ನು ತುಂಬಿಸಿಕೊಳ್ಳುವುದು ಯಾರದೋ ಮನೆಯ ಕರೆಂಟಿನಿಂದ. ಇಲ್ಲಿ ಮಳೆ ತೀರಾ ಕಡಿಮೆ, ಬೆಳೆ ವರ್ಷಕ್ಕೊಂದೇ, ಚಳಿಗಾಲಕ್ಕೆ ಸೌದೆ, ಬೆರಣಿ ಕೂಡಿಡುವ ಜನ. ಪ್ಲಗ್ ಕಂಡ ಕೂಡಲೇ ಚಾರ್ಜರ್ ಸಿಕ್ಕಿಸುವ ಅಭ್ಯಾಸ ನಮಗೆ ಊರಲ್ಲಿ ಬಂದುಬಿಟ್ಟಿದೆ. ಇಲ್ಲಿ ಕೇಳಿ ಹಾಕು, ಕರೆಂಟಿನ ದುಡ್ಡೆಂದು ಏನಾದರೂ ಕೊಡು. ಬೇಡವೆಂದರೆ ಬಟಾಣಿ ಬಿಡಿಸಿಕೊಡು, ನೀರು ತಂದುಕೊಡು.

ದುಡ್ಡಿನ ವ್ಯವಸ್ಥೆ ಹೀಗೆ ಮಾಡಿಕೊ. ಕಾಜಾದ ಢಾಬಾಗಳಲ್ಲೂ ಕ್ಯೂಆರ್ ಬೋರ್ಡ್ ಇದೆ, ಒಂದು ಎಟಿಎಂ ಕೂಡ ಇದೆ. ಆದರೆ ನೆಟ್ ಹೋದ ದಿನ ಎರಡೂ ನಿಂತುಹೋಗಬಹುದು. ಟವರ್ ಇದ್ದು ಇಂಟರ್ನೆಟ್ ಇಲ್ಲದಿದ್ದರೆ *99# ಒತ್ತಿ ಹಣ ಕಳಿಸಬಹುದು, ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ. ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಮೇಲಿನ ಊರುಗಳಿಗೆ ಹೋಗುವಾಗ ನೂರು, ಐವತ್ತರ ನೋಟುಗಳನ್ನು ಇಟ್ಟುಕೊಂಡೇ ಹೋಗು. ನೀನು ಲಡಾಖ್‌ಗೂ ಹೋಗಬೇಕು ಅಂದಿದ್ದೆ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೊರಡು.

ರೈಲಿನಲ್ಲಿ ಜನರಲ್ ಬೋಗಿಯ ಟಿಕೆಟ್ಟನ್ನೂ ಈಗ ಫೋನಿನಲ್ಲೇ ತೆಗೆಯಬಹುದು. ಆದರೆ ಬೆಂಗಳೂರಿನಿಂದ ದೆಹಲಿಯಷ್ಟು ದೂರಕ್ಕೆ ಕೌಂಟರಿನ ಕಾಗದದ ಟಿಕೆಟ್ಟೇ ವಾಸಿ. ನಡುವೆ ಫೋನ್ ಆಫ್ ಆದರೆ ಟಿಕೆಟ್ ತೋರಿಸಲಾಗದೆ ದಂಡ ಕಟ್ಟಬೇಕಾಗುತ್ತದೆ. ಆಧಾರನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊ. ದೊಡ್ಡ ಸ್ಟೇಷನ್ನುಗಳಲ್ಲಿ ರೈಲ್‌ಟೆಲ್ ವೈಫೈ ಮೊದಲ ಅರ್ಧ ಗಂಟೆ ಪುಕ್ಕಟೆ. ಇಳಿಸಿಕೊಳ್ಳಬೇಕಾದ್ದನ್ನು ಅಲ್ಲೇ ಮುಗಿಸು.

ಇರಲು ಜಾಗ ಹುಡುಕಲು ಮಾತ್ರ ಫೋನನ್ನು ನೆಚ್ಚಬೇಡ. ಕಾಜಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ನಾನು ಕೇಳಿದ್ದು ಟೀ ಅಂಗಡಿಯವರನ್ನು. ಲಾಂಗ್ಜಾದ ಈ ಮನೆ ಯಾವ ಆ್ಯಪಿನಲ್ಲೂ ಇಲ್ಲ. ಮನೆಯೊಡತಿ ಮಲಗಲು ಜಾಗ, ಎರಡು ಹೊತ್ತು ಊಟ ಸೇರಿಸಿ ಒಂದು ಮೊತ್ತ ಹೇಳಿದರು, ಕೊಟ್ಟೆ. ನಡುವೆ ಕಮಿಷನ್ ತಿನ್ನುವವರಿಲ್ಲದ ಕಾರಣ ನನಗೂ ಕಡಿಮೆಯಾಯಿತು, ದುಡ್ಡು ಪೂರ್ತಿ ಅವರಿಗೇ ಸೇರಿತು. ಇಂಥ ಮನೆಗಳಲ್ಲಿ ಚೌಕಾಸಿ ಮಾಡಬೇಡ ಮಂಜು. ಕಡಿಮೆ ಖರ್ಚೆಂದರೆ ಬಸ್ಸಿನಲ್ಲಿ ಬರುವುದು, ನಡೆಯುವುದು, ಅವರು ತಿನ್ನುವುದನ್ನೇ ತಿನ್ನುವುದು. ಒಲೆ ಹಚ್ಚಿ ತುಕ್ಪಾ ಬೇಯಿಸಿ ಹಾಕಿದವರ ಹತ್ತಿರ ಐವತ್ತು ರೂಪಾಯಿಗೆ ಜಗ್ಗುವುದು ಅಲ್ಲ.

ನಿನ್ನೆಯ ಒಂದು ವಿಷಯ ಹೇಳಬೇಕು. ಊರಿಂದ ಮೇಲಕ್ಕೆ ಹೋಗುವ ಕಾಲುದಾರಿಯಲ್ಲಿ ನಕ್ಷೆ ಒಂದು ನಲ್ಲಿ ತೋರಿಸುತ್ತಿತ್ತು. ಬಾಟಲಿ ತುಂಬಿಸಿಕೊಳ್ಳೋಣ ಅಂತ ಹೋದರೆ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದಾರೆ, ಕೆಳಗಿನ ಕಲ್ಲು ಒಣಗಿ ಬಿಳಿಚಿಕೊಂಡಿದೆ. ಜೊತೆಗೆ ಬಂದಿದ್ದ ಮನೆಯೊಡತಿಯ ಅತ್ತೆ, ಈ ವರ್ಷ ಹಿಮ ಸರಿಯಾಗಿ ಬೀಳಲಿಲ್ಲ, ಅದಕ್ಕೇ ನೀರಿಲ್ಲ ಅಂದರು. ಇಲ್ಲಿನ ಹೊಲಕ್ಕೂ ಮನೆಗೂ ಕರಗಿದ ಹಿಮವೇ ಆಧಾರ, ಕಾಲುವೆ ತೋಡಿ ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ಇನ್ನಷ್ಟು ಮೇಲೆ ಕಲ್ಲು ಸಂದಿಯಲ್ಲಿ ಒಂದು ಒರತೆ ತೋರಿಸಿದರು. ಅಂಗೈ ಅಗಲದ ನೀರು, ತಣ್ಣಗೆ, ತಿಳಿಯಾಗಿ. ನಾನು ಫೋನ್ ತೆಗೆದು ಅದನ್ನೂ ನಕ್ಷೆಗೆ ಸೇರಿಸಬಹುದೇ ಎಂದು ಕೇಳಿದೆ. ಅವರು ಬೇಡ ಅಂದರು. ಬಂದವರು ಅಲ್ಲಿ ಸೋಪು ಹಾಕಿ ಪಾತ್ರೆ ತೊಳೆಯುತ್ತಾರೆ, ಯಾಕ್‌ಗಳು ಕುಡಿಯುವ ನೀರು ಅದು ಅಂದರು. ಆಚೆ ದಿಬ್ಬದಲ್ಲಿ ದಾರಿ ಕುಸಿದಿದೆಯಲ್ಲ, ಅದನ್ನು ಹಾಕು, ಕತ್ತಲಲ್ಲಿ ಯಾರಾದರೂ ಬಿದ್ದಾರು ಅಂದರು. ಹಾಗೇ ಮಾಡಿದೆ. ಕುಸಿದ ದಾರಿಯ ಬಗ್ಗೆ, ನಲ್ಲಿ ಬತ್ತಿರುವ ಬಗ್ಗೆ ಬರೆದಿಟ್ಟಿದ್ದೇನೆ, ಕಾಜಾದಲ್ಲಿ ನೆಟ್ ಸಿಕ್ಕಾಗ ಅದು ಎಲ್ಲರ ನಕ್ಷೆಗೂ ಸೇರುತ್ತದೆ. ಒರತೆಯನ್ನು ಹಾಕಲಿಲ್ಲ.

ಉಪಕಾರ ತೀರಿಸಬೇಕೆಂದು ಹೊರಟವರು ಯಾರಿಗೆ ತೀರಿಸುತ್ತಿದ್ದೇವೆ ಅಂತಲೂ ನೋಡಬೇಕು. ನಮ್ಮಂಥ ಅಲೆಮಾರಿಗಳು ನಮ್ಮ ನಮ್ಮಲ್ಲೇ ಉಪಕಾರ ಮಾಡಿಕೊಳ್ಳುತ್ತೇವೆ: ಅಗ್ಗದ ಮನೆ ಎಲ್ಲಿ, ನೀರು ಎಲ್ಲಿ, ಟೆಂಟ್ ಹಾಕಲು ಜಾಗ ಎಲ್ಲಿ. ಅದರ ಖರ್ಚು ಬೀಳುವುದು ಊರಿನವರ ಮೇಲೆ. ಫೋಟೋ ಹಾಕುವಾಗಲೂ ಹೀಗೆಯೇ. ಜಾಗದ ಗುರುತಿನ ಸಮೇತ ಎಲ್ಲವನ್ನೂ ಹಾಕುವ ಮೊದಲು ಅಲ್ಲಿನವರನ್ನು ಕೇಳು. ತಾಬೋ ಗೊಂಪಾದೊಳಗೆ ಫೋಟೋ ತೆಗೆಯುವಂತಿಲ್ಲ. 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಗಳು, ಮೇಲೆಲ್ಲ ಚಿತ್ರ. ಅಲ್ಲಿ ನನ್ನ ಫೋನ್ ಚೀಲದೊಳಗೇ ಇತ್ತು. ನೀನು ಬಂದಾಗ ನೋಡುವೆಯಂತೆ.

ಅಮ್ಮನಿಗೆ ಒಂದು ಮಾತು ಸಮಾಧಾನವಾಗಿ ಹೇಳು. ನಾನು ಲೈವ್ ಲೊಕೇಶನ್ ಹಾಕಿರುತ್ತೇನೆ ನಿಜ, ಆದರೆ ನೆಟ್ ಇಲ್ಲದ ಕಡೆ ಅದು ಹಳೆಯ ಜಾಗವನ್ನೇ ತೋರಿಸುತ್ತಾ ಕೂರುತ್ತದೆ. ಅದು ಅಲುಗಲಿಲ್ಲ ಅಂತ ಅಮ್ಮ ರಾತ್ರಿಯೆಲ್ಲ ಎದ್ದು ಕೂರಬಾರದು. ಅದಕ್ಕೇ ಮೇಲಿನ ಊರಿಗೆ ಹೊರಡುವ ಮೊದಲು ಎಲ್ಲಿಗೆ ಹೋಗುತ್ತೇನೆ, ಯಾವತ್ತು ವಾಪಸ್ ಬರುತ್ತೇನೆ ಅಂತ ಮೆಸೇಜು ಹಾಕಿ, ನಾನು ಉಳಿಯುವ ಮನೆಯವರ ನಂಬರ್ ಕೊಟ್ಟು ಹೋಗುತ್ತೇನೆ. 112ಕ್ಕೆ ಕರೆ ಮಾಡಲು ನಮ್ಮ ಸಿಮ್ಮಿನ ಟವರೇ ಬೇಕೆಂದಿಲ್ಲ, ಬೇರೆ ಕಂಪನಿಯದು ಸಿಕ್ಕರೂ ಸಾಕು ಅಂತಲೂ ಹೇಳು. ಈ ಕಾಗದ ಸಿಗುವ ಹೊತ್ತಿಗೆ ಕುಂಜುಮ್ ಕಣಿವೆದಾರಿ ದಾಟಿ ಮನಾಲಿ ಕಡೆಗೆ ಇಳಿದಿರುತ್ತೇನೆ.

ಕೊನೆಗೆ ನಿನಗೊಂದು ಕೆಲಸ. ಕಾಜಾದಲ್ಲಿ ನೆಟ್ ಇದ್ದಾಗ ಅದೇ ನಕ್ಷೆಯಲ್ಲಿ ನಮ್ಮೂರನ್ನು ತೆಗೆದು ನೋಡಿದೆ. ತೀರ್ಥಹಳ್ಳಿ ರಸ್ತೆ ಇದೆ, ತುಂಗೆ ಇದೆ. ನಮ್ಮ ಕೇರಿಗೆ ಬರುವ ದಾರಿ ಇಲ್ಲ, ಶಾಲೆ ಇಲ್ಲ, ಹಳ್ಳಕ್ಕೆ ಹಾಕಿದ ಕಾಲುಸಂಕ ಇಲ್ಲ. ಹೊರಗಿನವರು ಬಂದು ಬರೆಯಲಿ ಅಂತ ಕಾಯುವುದು ಬೇಡ. ಪರೀಕ್ಷೆ ಮುಗಿದ ಮೇಲೆ, ಟಿಕೆಟ್ ಮಾಡಿಸುವ ಮೊದಲು, ಇವನ್ನೆಲ್ಲ ನೀನೇ ನಡೆದು ನೋಡಿ ಸೇರಿಸು. ಹೆಸರುಗಳನ್ನು ಕನ್ನಡದಲ್ಲೂ ಬರೆಯಬಹುದು, ಬರೆ. ಮಳೆಗಾಲದಲ್ಲಿ ಕಾಲುಸಂಕದ ಮೇಲೆ ನೀರು ಹತ್ತಿದಾಗ ಎಲ್ಲಿಂದ ಸುತ್ತಿ ಬರಬೇಕೆಂಬುದು ಮಾವನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ, ಅವರನ್ನು ಜೊತೆಗೆ ಕರೆದುಕೊಂಡು ಹೋಗು. ದೇವರಕಾಡಿನ ಒಳದಾರಿಯನ್ನು ಹಾಕಬಹುದೋ ಬೇಡವೋ ಅಂತ ಊರ ಹಿರಿಯರನ್ನು ಕೇಳಿಯೇ ತೀರ್ಮಾನ ಮಾಡು.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮಾವನಿಗೂ.

ಇತಿ ನಿನ್ನ ಪ್ರೀತಿಯ,
ಅಕ್ಕ